ನಡೆಯಲಾಗದ ನಾಯಿಗೆ ಮನೆಯಲ್ಲೊಂದು ಜಾಗ

ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆ ಹೋಗುವಾಗ, ಗಾಡಿ ಬಡಿದು ಹಿಂಗಾಲು ಎಳೆಯುತ್ತ ಸಾಗುವ ನಾಯಿಯನ್ನು ನೀವೂ ಕಂಡಿರಬಹುದು. ‘ಇದನ್ನ ಮನಿಗೆ ಒಯ್ದ್ರ ಹೆಂಗ?’ ಎಂದು ಅನ್ನಿಸಿದವರಿಗೆ ಈ ಪಾಠ.

ಮೊದಲು ಎಚ್ಚರ. ನೋವಿನಲ್ಲಿರುವ ನಾಯಿ ಕಚ್ಚಬಹುದು. ರೇಬೀಸ್‌ನಲ್ಲೂ ಕಾಲಿನ ಶಕ್ತಿ ಹೋಗುವುದುಂಟು. ಜೊಲ್ಲು ಸುರಿಸುತ್ತಿದ್ದರೆ ಮುಟ್ಟದೆ ದನದ ದವಾಖಾನೆಗೆ ತಿಳಿಸಿ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ಅಪಘಾತವಾದ ನಾಯಿಯನ್ನು ಬೆನ್ನು ಬಾಗದಂತೆ ಹಲಗೆಯ ಮೇಲೆ ಸಾಗಿಸಿ. ನಮ್ಮ ನೋವಿನ ಗುಳಿಗೆ ಕೊಡಬೇಡಿ. ಅದು ನಾಯಿಗೆ ವಿಷವಾಗಬಹುದು.

ವೈದ್ಯರು ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಒತ್ತಿ ನೋಡುತ್ತಾರೆ. ನಾಯಿ ಬರೀ ಕಾಲು ಹಿಂದೆಳೆದುಕೊಂಡರೆ ಸಾಲದು. ತಿರುಗಿ ನೋಡಿದರೆ ಅಥವಾ ಕುಂಯ್‌ಗುಟ್ಟಿದರೆ ನೋವು ಮಿದುಳಿಗೆ ಮುಟ್ಟುತ್ತಿದೆ ಎಂದರ್ಥ. ಅಂಥ ನಾಯಿ ಮತ್ತೆ ನಡೆಯುವ ಆಸೆ ಹೆಚ್ಚು.

ಒಂದೇ ಕಾಲು ಹೋಗಿದ್ದರೆ ಕೆಲಸ ಹಗುರ. ಮೈಭಾರದ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳೇ ಹೊರುವುದರಿಂದ, ಹಿಂಗಾಲು ಕಳೆದುಕೊಂಡ ನಾಯಿ ಬೇಗ ಹೊಂದಿಕೊಳ್ಳುತ್ತದೆ. ಬೆಂಗಳೂರಿನಲ್ಲಿ 2013ರಲ್ಲಿ ಆರಂಭವಾದ ‘ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್’ ಹೊತ್ತಿರುವುದು ಮೂರು ಕಾಲಿನ ಬೀದಿನಾಯಿಯೊಂದರ ಹೆಸರನ್ನೇ.

ಎರಡೂ ಹಿಂಗಾಲು ಸೋತಿದ್ದರೆ ಆರೈಕೆ ಹೆಚ್ಚು ಬೇಕು. ಅನೇಕ ನಾಯಿಗಳಿಗೆ ತಾವಾಗಿ ಮೂತ್ರ ಮಾಡಲು ಆಗುವುದಿಲ್ಲ. ಹೊಟ್ಟೆ ಒತ್ತಿ ಮೂತ್ರ ಹೊರಹಾಕುವುದನ್ನು ವೈದ್ಯರಿಂದ ಕೈಯಾರೆ ಕಲಿಯಿರಿ. ದಿನಕ್ಕೆ ಮೂರು ನಾಲ್ಕು ಸಲ ತಪ್ಪದೆ ಮಾಡಬೇಕು. ಹಾಸಲು ದಪ್ಪ ಕೌದಿ ಸಾಕು, ಒದ್ದೆಯಾದ ಕೂಡಲೇ ಬದಲಿಸಿ. ತಾನೇ ಹೊರಳಲಾಗದ ನಾಯಿಯ ಮಗ್ಗುಲನ್ನು ನಾಲ್ಕು ತಾಸಿಗೊಮ್ಮೆಯಾದರೂ ಬದಲಿಸಿ, ಇಲ್ಲವಾದರೆ ಹುಣ್ಣಾಗುತ್ತದೆ. ಕೀಲುಗಳನ್ನು ಮೆಲ್ಲಗೆ ಮಡಚಿ ಬಿಡಿಸುವ ವ್ಯಾಯಾಮವನ್ನೂ ವೈದ್ಯರನ್ನು ಕೇಳಿ ಮಾಡಿಸಿ.

ಫರಸಿ ನೆಲ ಜಾರುತ್ತದೆ. ಓಡಾಡುವ ಜಾಗಕ್ಕೆ ಗೋಣಿಚೀಲ ಹಾಸಿ. ನಿಲ್ಲಿಸಲು ಹೊಟ್ಟೆಯ ಕೆಳಗೆ ಟವೆಲ್ ಹಾಯಿಸಿ ಎತ್ತಿಹಿಡಿಯಿರಿ. ಗಾಯ ಮಾಗಿದ ಮೇಲೆ, ವೈದ್ಯರು ಒಪ್ಪಿದರೆ, ಪಿವಿಸಿ ಪೈಪು ಮತ್ತು ಎರಡು ಗಾಲಿಗಳಿಂದ ಅಳತೆಗೆ ತಕ್ಕ ಬಂಡಿ ಮಾಡಿಸಬಹುದು. ಮೊದಮೊದಲು ಹತ್ತು ನಿಮಿಷ ಸಾಕು. ಬಿಚ್ಚಿದ ಮೇಲೆ ಪಟ್ಟಿ ಉಜ್ಜಿದ ಗುರುತಿದೆಯೇ ನೋಡಿ.

ನಮ್ಮ ಭಾಗದವರು ನೆನಪಿಡಬೇಕಾದ ಇನ್ನೊಂದು ಮಾತಿದೆ. ದ್ರಾಕ್ಷಿ, ಮನೂಕ ಎರಡೂ ನಾಯಿಯ ಮೂತ್ರಪಿಂಡ ಕೆಡಿಸಬಲ್ಲವು. ಮನೂಕ ಒಣಗಿಸುವ ಶೆಡ್ಡಿನಿಂದ ನಾಯಿಯನ್ನು ದೂರವೇ ಇಡಿ.

ನಾಯಿ ತರುವ ಮುನ್ನ ಒಂದು ಹಾಳೆಯಲ್ಲಿ ಮೂತ್ರ ಮಾಡಿಸುವ ಹೊತ್ತುಗಳನ್ನು ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ 10 ಎಂದು ಬರೆಯಿರಿ. ಆ ಹೊತ್ತಿಗೆ ಮನೆಯಲ್ಲಿರುವವರ ಹೆಸರನ್ನು ಮುಂದೆ ಬರೆಯಿರಿ. ಒಂದು ಸಾಲು ಖಾಲಿ ಉಳಿದರೆ ನೆರೆಮನೆಯವರನ್ನು ಕೇಳಿ. ನಾಲ್ಕೂ ಸಾಲು ತುಂಬಿದ ದಿನ ಹೋಗಿ ಅದನ್ನು ಕರೆತನ್ನಿ.