ಮೌಸ್ ತಾನಾಗಿ ಓಡಾಡಿತು, ನಾನು ಹ್ಞೂ ಎನ್ನುತ್ತಾ ಕೂತಿದ್ದೆ

ಪ್ರಶ್ನೆ: ನಮ್ಮದು ಕಡಕೊಳ. ನನಗೆ ಐವತ್ತೆರಡು ವರ್ಷ. ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್, ಪ್ರಿಂಟರ್ ಇಟ್ಟುಕೊಂಡು ಕನ್ನಡ ಟೈಪಿಂಗ್, ಜೆರಾಕ್ಸ್ ಮಾಡಿಕೊಡುತ್ತೇನೆ. ಜಾತಿ-ಆದಾಯ ಪ್ರಮಾಣಪತ್ರ, ಮಕ್ಕಳ ಸ್ಕಾಲರ್‌ಶಿಪ್ ಅಂತ ಅರ್ಜಿ ಹಾಕಿಸಿಕೊಳ್ಳಲು ಊರಿನವರು ಬರುತ್ತಾರೆ. ಫ್ಯಾಕ್ಟರಿಗೆ ಸೇರುವ ಹುಡುಗರು ಬಯೋಡೇಟಾ ಮಾಡಿಸುತ್ತಾರೆ. ಎಲ್ಲರ ಆಧಾರ್, ಪಾಸ್‌ಬುಕ್, ಪಹಣಿ, ಕೆಲವರ ಕ್ರಯಪತ್ರ ಕೂಡ ಸ್ಕ್ಯಾನ್ ಆಗಿ ನನ್ನ ಸಿಸ್ಟಮ್‌ನಲ್ಲೇ ಇವೆ.

ಸಿಸ್ಟಮ್ ತುಂಬಾ ನಿಧಾನವಾಗಿತ್ತು. ಸಿಪಿಯು ಹೊತ್ತುಕೊಂಡು ಬಸ್ಸಿನಲ್ಲಿ ಮೈಸೂರಿಗೆ ಹೋಗುವುದು ಬೇಡ ಅಂತ, ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಒಂದು ಕಂಪನಿಯ ವರ್ಷದ ಪ್ಲ್ಯಾನ್ ತೆಗೆದುಕೊಟ್ಟ. ಆ ಕಂಪನಿಯ ಹುಡುಗ ಫೋನ್ ಮಾಡಿ ಒಂದು ಸಾಫ್ಟ್‌ವೇರ್ ಹಾಕಿಸಿದ, ಅದರಲ್ಲಿ ಬಂದ ನಂಬರ್ ಕೇಳಿದ. ಹೇಳಿದೆ. ಆಮೇಲೆ ಮೌಸ್ ತಾನಾಗಿ ಓಡಾಡತೊಡಗಿತು. ಅವನದು ಹಿಂದಿ, ನನ್ನದು ಕನ್ನಡ. ಎಲ್ಲಕ್ಕೂ ಹ್ಞೂ ಅಂದೆ. ಮಧ್ಯೆ ಗಿರಾಕಿಗಳ ಕಾಗದ ಇರುವ ಫೋಲ್ಡರ್ ತೆರೆದು ನೋಡಿದ. ಕೇಳಲು ಬಾಯಿ ಬರಲಿಲ್ಲ. ರಾತ್ರಿ ಆನ್ ಮಾಡಿಯೇ ಬಿಡಿ, ಪಾಸ್‌ವರ್ಡ್ ಹಾಕಿದ್ದೇನೆ, ನಾನೇ ಬಂದು ಮುಗಿಸುತ್ತೇನೆ ಅಂದ. ಬಿಟ್ಟೆ. ಬೆಳಿಗ್ಗೆ ನೋಡಿದರೆ ಸಿಸ್ಟಮ್ ಚುರುಕಾಗಿದೆ, ಆದರೆ ನುಡಿ ಸಾಫ್ಟ್‌ವೇರ್ ಇಲ್ಲ. ಹಳೆಯ ಟೈಪಿಂಗ್ ಎಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿವೆ.

ಕೆಲವು ದಿನದ ಮೇಲೆ ಇನ್ಯಾರೋ ಫೋನ್ ಮಾಡಿ, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ ಅಂದರು. ಕಟ್ ಮಾಡಿದೆ. ನಮ್ಮ ಯಜಮಾನರು “ಬೀಗದ ಕೈ ಕೊಟ್ಟು ಮಲಗಿದ್ದೀಯ, ಮುಚ್ಚಿಬಿಡು ಅಂಗಡಿ” ಅನ್ನುತ್ತಾರೆ. ಅಣ್ಣನ ಮಗ “ಅತ್ತೆ, ಇದೆಲ್ಲ ಈಗ ಕಾಮನ್” ಅನ್ನುತ್ತಾನೆ. ನನಗೆ ನಿದ್ದೆ ಬರುತ್ತಿಲ್ಲ. ಊರಿನವರಿಗೆ ಏನಾದರೂ ಆದರೆ ಹೇಗೆ ಮುಖ ತೋರಿಸಲಿ?
— ಹೆಸರು ಬೇಡ, ಕಡಕೊಳ

ಉತ್ತರ: ಮೊದಲು ಕೈಯಲ್ಲಿ ಆಗುವ ಕೆಲಸ ಮುಗಿಸೋಣ. ಮಾತು ಆಮೇಲೆ.

ಕಂಪ್ಯೂಟರಿನ ಇಂಟರ್‌ನೆಟ್ ಕೇಬಲ್ ಕಿತ್ತುಬಿಡಿ, ವೈಫೈ ಆದರೆ ಆಫ್ ಮಾಡಿ. ನೆಟ್ ಇಲ್ಲದೆ ದೂರದಿಂದ ಯಾರೂ ಒಳಗೆ ಬರಲಾರರು. ಈಗ ಸೆಟ್ಟಿಂಗ್ಸ್‌ನಲ್ಲಿ ಆಪ್ಸ್‌ಗೆ ಹೋಗಿ, ಅಲ್ಲಿನ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ಆ ಹುಡುಗ ಕೆಲಸ ಮಾಡಿದ ದಿನ ಸೇರಿಕೊಂಡದ್ದೆಲ್ಲ ಮೇಲೆ ಬರುತ್ತದೆ. ಎನಿಡೆಸ್ಕ್, ಟೀಮ್‌ವ್ಯೂವರ್, ಅಲ್ಟ್ರಾವ್ಯೂವರ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, ಇಂಥ ಹೆಸರು ಕಂಡರೆ ಅನ್‌ಇನ್‌ಸ್ಟಾಲ್ ಮಾಡಿ. ಒಂದು ತೆಗೆದೆನೆಂದು ನಿಲ್ಲಬೇಡಿ, ಎರಡನೆಯದು ಇದೆಯೇ ನೋಡಿ. ಗುರುತು ಸಿಗದ ಹೆಸರಿದ್ದರೆ ಫೋಟೊ ತೆಗೆದು ಅಣ್ಣನ ಮಗನಿಗೆ ಕಳಿಸಿ ಕೇಳಿ. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಆಮೇಲೆ ಆ ಕಂಪ್ಯೂಟರಿನಿಂದಲ್ಲ, ನಿಮ್ಮ ಫೋನಿನಿಂದ, ಇಮೇಲ್ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಿಟ್ಟಿದ್ದ ನೆಟ್ ಬ್ಯಾಂಕಿಂಗ್, ಅರ್ಜಿ ಹಾಕುವ ಪೋರ್ಟಲ್‌ಗಳದ್ದೂ ಬದಲಾಗಲಿ. ಖಾತೆಯಿಂದ ಹಣ ಹೋಗಿದ್ದು ಕಂಡರೆ ಮಾತ್ರ ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ನಿಮ್ಮ ಪತ್ರದಲ್ಲಿ ಹಾಗಾದ ಸುಳಿವಿಲ್ಲ.

ಈಗ ಆ ಹುಡುಗನ ವಿಷಯ. ಅವನು ಕಳ್ಳನೇ ಎಂದು ಕೇಳಿದರೆ, ನೀವು ಬರೆದದ್ದರಿಂದ ಹಾಗೆ ಹೇಳಲು ಬರುವುದಿಲ್ಲ. ಜಾಗ ತಿನ್ನುವ ಕಡತ ಹುಡುಕುವಾಗ ಫೋಲ್ಡರ್ ತೆರೆದಿರಬಹುದು. ವೈರಸ್ ಇದೆಯೆಂದು ಬಂದ ಫೋನಿಗೂ ಅವನಿಗೂ ಸಂಬಂಧ ಇರಲೇಬೇಕೆಂದಿಲ್ಲ. ಅಂಥ ಕರೆ ಕಂಪ್ಯೂಟರೇ ಇಲ್ಲದವರಿಗೂ ಬರುತ್ತದೆ. ಟೆಕ್ ಸಪೋರ್ಟ್ ಹೆಸರಿನಲ್ಲಿ ಮೋಸ ಮಾಡುವ ಕಾಲ್ ಸೆಂಟರ್‌ಗಳ ಮೇಲೆ 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಎಂದು ಹಲವು ರಾಜ್ಯಗಳಲ್ಲಿ ದಾಳಿ ನಡೆಸಿತು. ದೂರು ಕೊಟ್ಟವರಲ್ಲಿ ಮೈಕ್ರೋಸಾಫ್ಟ್, ಅಮೆಜಾನ್ ಸಂಸ್ಥೆಗಳಿದ್ದವು. ನಿಮ್ಮ ಕಂಪ್ಯೂಟರಿಗೆ ಏನಾಗಿದೆ ಎಂದು ದೂರದಿಂದ ಕಂಡುಹಿಡಿದು ಫೋನ್ ಮಾಡುವ ಧರ್ಮಾತ್ಮರು ಯಾರೂ ಇಲ್ಲ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರನ್ನೇ ಹಾಕುವುದಿಲ್ಲ. ನೀವು ಕಟ್ ಮಾಡಿದ್ದು ನೂರಕ್ಕೆ ನೂರು ಸರಿ.

ಹುಡುಗ ಕಳ್ಳನಲ್ಲದಿದ್ದರೂ ಅವನು ಕೆಲಸ ಮಾಡಿದ ರೀತಿ ಸರಿಯಲ್ಲ. ದೂರದಿಂದ ರಿಪೇರಿ ಎರಡು ಥರ. ನೀವು ಎದುರಿಗೆ ಕೂತಿರುವಾಗ, ನೀವು ಒಪ್ಪಿಗೆ ಒತ್ತಿದ ಮೇಲೆ ಒಳಗೆ ಬಂದು, ಮುಗಿದ ಕೂಡಲೇ ಹೊರಗೆ ಹೋಗುವುದು ಒಂದು. ಪಾಸ್‌ವರ್ಡ್ ಇಟ್ಟುಕೊಂಡು, ನಿಮ್ಮನ್ನು ಕೇಳದೆ, ಬೇಕೆಂದಾಗ ಬರುವುದು ಇನ್ನೊಂದು. ಇದಕ್ಕೆ ಅನ್‌ಅಟೆಂಡೆಡ್ ಆಕ್ಸೆಸ್ ಅನ್ನುತ್ತಾರೆ. ನೂರಾರು ಕಂಪ್ಯೂಟರ್ ಇರುವ ಆಫೀಸಿನಲ್ಲಿ, ಒಪ್ಪಂದ ಬರೆದುಕೊಂಡು, ಸಂಬಳದ ಟೆಕ್ನಿಷಿಯನ್‌ಗೆ ಅದನ್ನು ಕೊಡುತ್ತಾರೆ. ಮನೆಯಲ್ಲಿ ಒಂದೇ ಕಂಪ್ಯೂಟರ್ ಇರುವವರಿಗೆ ಅದರ ಅಗತ್ಯವೇ ಇಲ್ಲ. ನಿಮ್ಮ ಯಜಮಾನರ ಬೀಗದ ಕೈ ಮಾತು ಈ ಎರಡನೆಯದಕ್ಕೆ ಒಪ್ಪುತ್ತದೆ, ಮೊದಲನೆಯದಕ್ಕಲ್ಲ. ನಿಮ್ಮ ಅಣ್ಣನ ಮಗನ ‘ಕಾಮನ್’ ಮೊದಲನೆಯದಕ್ಕೆ ಒಪ್ಪುತ್ತದೆ, ಎರಡನೆಯದಕ್ಕಲ್ಲ. ಇಬ್ಬರೂ ಅರ್ಧರ್ಧ ಸರಿ. ನೀವು ಮಾತ್ರ ಇಬ್ಬರ ನಡುವೆ ಸಿಕ್ಕಿಕೊಂಡಿದ್ದೀರಿ.

ನುಡಿ ಹೋದದ್ದಕ್ಕೆ ಅಳಬೇಡಿ. ನಿಮ್ಮ ಟೈಪಿಂಗ್ ಹಾಳಾಗಿಲ್ಲ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಒಳಗಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿಯೇ ಕೂತಿರುತ್ತದೆ, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಫಾಂಟ್ ಹೋದರೆ ರೂಪ ಹೋಗುತ್ತದೆ, ಮಾತು ಉಳಿದಿರುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಮತ್ತೆ ಹಾಕಿಕೊಂಡರೆ ಹಳೆಯ ಕಡತಗಳು ಮೊದಲಿನಂತೆ ಕಾಣುತ್ತವೆ. ಅಲ್ಲಿಯವರೆಗೆ ಅವನ್ನು ತೆರೆದು ತಿದ್ದಬೇಡಿ. ಮುಂದೆ ಬಿಡುವಾದಾಗ ಮುಖ್ಯವಾದವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿ. ಆಗ ಯಾವ ಕಂಪ್ಯೂಟರಿನಲ್ಲಾದರೂ ಓದಬಹುದು. ಕನ್ನಡ ಬಾರದ ಟೆಕ್ನಿಷಿಯನ್‌ಗೆ ನುಡಿ ಎಂದರೆ ಗುರುತಿಲ್ಲದ ಹಳೆಯ ಸಾಫ್ಟ್‌ವೇರ್. ಜಾಗ ತಿನ್ನುತ್ತಿದೆ ಎಂದು ತೆಗೆದುಹಾಕಿರಬೇಕು. ಇನ್ನು ಮೇಲೆ ಯಾರೇ ಬರಲಿ, ಮೊದಲ ಮಾತೇ ಇದಾಗಲಿ: ನುಡಿ, ಫಾಂಟ್, ಪ್ರಿಂಟರ್ ಮುಟ್ಟಬೇಡಿ.

ನಿಮ್ಮ ನಿದ್ದೆ ಕೆಡಿಸಿರುವುದು ಊರಿನವರ ಕಾಗದ. ಅದು ಸಣ್ಣ ಚಿಂತೆಯಲ್ಲ. 2023ರಲ್ಲಿ ಬೆಂಗಳೂರಿನಲ್ಲಿ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಬಳಸಿ ಖಾತೆಯಿಂದ ಹಣ ತೆಗೆದ ದೂರುಗಳು ಬಂದಿದ್ದವು. ಒಟಿಪಿ ಬೇಡದ, ಬೆರಳಚ್ಚು ಒತ್ತಿ ಹಣ ಪಡೆಯುವ ವ್ಯವಸ್ಥೆಯನ್ನು ಕಳ್ಳರು ದುರುಪಯೋಗ ಮಾಡಿಕೊಂಡಿದ್ದರು. ನಿಮ್ಮಲ್ಲಿರುವ ಕ್ರಯಪತ್ರಗಳಲ್ಲೂ ಹೆಬ್ಬೆಟ್ಟು ಇರುತ್ತದೆ. ಆದ್ದರಿಂದ ಎರಡು ಕೆಲಸ ಮಾಡಿ.

ಒಂದು, ಆ ಕಂಪನಿಗೆ ಇಮೇಲ್ ಬರೆಯಿರಿ. ಯಾವ ದಿನ, ಎಷ್ಟು ಗಂಟೆಗೆ, ಯಾರು ನನ್ನ ಕಂಪ್ಯೂಟರಿಗೆ ಬಂದರು, ರಾತ್ರಿ ಎಷ್ಟು ಹೊತ್ತು ಇದ್ದರು, ಯಾವುದಾದರೂ ಕಡತ ಆ ಕಡೆಗೆ ಹೋಗಿದೆಯೇ, ನುಡಿಯನ್ನು ತೆಗೆದವರು ಯಾರು. ಇಷ್ಟಕ್ಕೂ ಬರಹದಲ್ಲೇ ಉತ್ತರ ಕೇಳಿ. ಪ್ಲ್ಯಾನ್ ನಿಮ್ಮ ಅಣ್ಣನ ಮಗನ ಹೆಸರಿನಲ್ಲಿದ್ದರೆ ಅವನೇ ಬರೆಯಲಿ, ಇಂಗ್ಲಿಷಿನಲ್ಲಿ ಬರೆಯಲಿ, ಆದರೆ ಪ್ರಶ್ನೆ ನಿಮ್ಮದೇ ಇರಲಿ. ನೆಟ್ಟಗೆ ವ್ಯವಹಾರ ಮಾಡುವ ಕಂಪನಿ ಪ್ರತಿ ಸೆಷನ್‌ನ ದಾಖಲೆ ಇಟ್ಟಿರುತ್ತದೆ. ಕಡತ ಹೋಗಿದೆ ಎಂದು ಗೊತ್ತಾದರೆ ಸೈಬರ್ ಅಪರಾಧಗಳನ್ನು ನೋಡುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಆ ಇಮೇಲ್ ಸಮೇತ ಹೋಗಿ, ಯಾರ ಕಾಗದವೋ ಅವರಿಗೂ ಹೇಳಿ. ಮುಚ್ಚಿಟ್ಟರೆ ಮಾತ್ರ ಮುಖ ತೋರಿಸುವುದು ಕಷ್ಟವಾಗುತ್ತದೆ.

ಎರಡು, ಉತ್ತರಕ್ಕೆ ಕಾಯದೆ, ಕ್ರಯಪತ್ರ ಸ್ಕ್ಯಾನ್ ಮಾಡಿಸಿದವರಿಗೆ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಕೊಡಿ. ಆಧಾರ್‌ನ ಅಧಿಕೃತ ಆಪ್‌ನಲ್ಲಿ, ಅವರ ಫೋನಿಗೆ ಬರುವ ಒಟಿಪಿಯಿಂದ, ಅವರೆದುರೇ ಮಾಡಬಹುದು. ಪಡಿತರಕ್ಕೋ ಬೇರೆ ಯಾವುದಕ್ಕೋ ಬೆರಳು ಒತ್ತಬೇಕಾದಾಗ ಲಾಕ್ ತೆಗೆಯುವುದು ಹೇಗೆಂದೂ ಹೇಳಿಕೊಡಿ, ಇಲ್ಲದಿದ್ದರೆ ನ್ಯಾಯಬೆಲೆ ಅಂಗಡಿಯಲ್ಲಿ ಅವರು ಪರದಾಡುತ್ತಾರೆ. ಏಕೆ ಎಂದು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ: ರಿಪೇರಿಯವರು ಸಿಸ್ಟಮ್‌ಗೆ ಬಂದಿದ್ದರು, ನನಗೆ ಸಮಾಧಾನವಿಲ್ಲ, ಮುಂಜಾಗ್ರತೆಗೆ ಮಾಡುತ್ತಿದ್ದೇನೆ.

ಆಮೇಲೆ ನಿಮ್ಮ ರೂಢಿಯೂ ಸ್ವಲ್ಪ ಬದಲಾಗಬೇಕು. ಅರ್ಜಿ ಸಲ್ಲಿಕೆಯಾಗಿ ಸ್ವೀಕೃತಿ ಕೈಗೆ ಕೊಟ್ಟಾಯಿತೆಂದರೆ ಆ ಕಾಗದಗಳಿಗೆ ನಿಮ್ಮಲ್ಲಿ ಕೆಲಸವಿಲ್ಲ. ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಮುಂದಿನ ವರ್ಷ ಮತ್ತೆ ಬೇಕಾಗುತ್ತದೆ ಎಂದು ಇಟ್ಟುಕೊಳ್ಳುವುದು ಉಪಕಾರದ ಬುದ್ಧಿಯೇ, ಆದರೆ ಅಪಾಯ ಅವರದು. ಇಡಲೇಬೇಕಾದದ್ದನ್ನು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಇಡಿ, ರಿಪೇರಿ ಶುರುವಾಗುವ ಮೊದಲು ಅದನ್ನು ಎಳೆದು ಕಪಾಟಿನಲ್ಲಿಡಿ. ಬರೀ ಗುರುತಿಗೆ ಸಾಕಾಗುವ ಕಡೆ ಮಾಸ್ಕ್ಡ್ ಆಧಾರ್ ಬಳಸಿ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ.

ಇಷ್ಟಾದ ಮೇಲೆ ದೂರದ ರಿಪೇರಿ ಬೇಕೇ ಎಂದರೆ, ಬೇಕಾಗಬಹುದು. ಪ್ರಿಂಟರ್ ಡ್ರೈವರ್, ಆನ್ ಮಾಡಿದೊಡನೆ ತಾವಾಗಿ ಶುರುವಾಗುವ ಪ್ರೋಗ್ರಾಮ್‌ಗಳು, ನಿಂತ ಅಪ್‌ಡೇಟ್, ವೈರಸ್ ತಪಾಸಣೆ ಇವೆಲ್ಲ ದೂರದಿಂದ ಚೆನ್ನಾಗಿ ಆಗುತ್ತವೆ. ಪರದೆಯ ಮೂಲೆಯಲ್ಲಿ ವೈರಸ್ ವೈರಸ್ ಎಂದು ಹಾರುವ ಚೀಟಿಗಳು ಎಷ್ಟೋ ಸಲ ವೈರಸ್ಸೇ ಅಲ್ಲ. ಯಾವುದೋ ಸೈಟಿಗೆ ನೋಟಿಫಿಕೇಶನ್ ಕಳಿಸಲು ‘ಅಲೋ’ ಒತ್ತಿರುತ್ತೇವೆ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ನೀವೇ ತೆಗೆಯಬಹುದು. ಆದರೆ ಫ್ಯಾನಿಗೆ ಹಿಡಿದ ಧೂಳು, ಸಾಯುತ್ತಿರುವ ಹಾರ್ಡ್ ಡಿಸ್ಕ್, ಕೆಟ್ಟ ಪವರ್ ಸಪ್ಲೈ (ಎಸ್‌ಎಂಪಿಎಸ್) ಇವಕ್ಕೆ ಸ್ಕ್ರೂಡ್ರೈವರ್ ಹಿಡಿದ ಮನುಷ್ಯನೇ ಬೇಕು. ಹಳೆಯ ಹಾರ್ಡ್ ಡಿಸ್ಕ್ ಬದಲು ಒಂದು ಎಸ್‌ಎಸ್‌ಡಿ ಹಾಕಿಸಿದರೆ ಆಗುವ ಚುರುಕು ಎಷ್ಟು ಕ್ಲೀನಿಂಗ್ ಮಾಡಿದರೂ ಬರುವುದಿಲ್ಲ. ನಿಮ್ಮದು ವಿಂಡೋಸ್ 10 ಆಗಿದ್ದರೆ, ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ ಎಂಬುದೂ ನೆನಪಿರಲಿ. ಹೊಸ ವಿಂಡೋಸ್‌ಗೆ ಹೋಗುವ ಖರ್ಚು ಮುಂದೆ ಬರುವುದೇ.

ಸಣ್ಣ ಪುಟ್ಟದಕ್ಕೆ ನಿಮ್ಮ ಅಣ್ಣನ ಮಗನೇ ಸಾಕು. ವಿಂಡೋಸ್‌ನಲ್ಲೇ ಕ್ವಿಕ್ ಅಸಿಸ್ಟ್ ಎಂಬ ಸೌಲಭ್ಯ ಇದೆ. ಕಂಟ್ರೋಲ್, ವಿಂಡೋಸ್, ಕ್ಯೂ ಮೂರೂ ಕೀ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಅವನು ಕೊಟ್ಟ ಕೋಡ್ ನೀವು ಹಾಕಬೇಕು, ಪರದೆ ತೋರಿಸಲು ನೀವು ಒಪ್ಪಬೇಕು, ಮೌಸ್ ಕೊಡಲು ಇನ್ನೊಮ್ಮೆ ಒಪ್ಪಬೇಕು. ಮುಚ್ಚಿದರೆ ಮುಗಿಯಿತು, ಮತ್ತೆ ಬರಬೇಕಾದರೆ ಮತ್ತೆ ಹೊಸ ಕೋಡ್. ಇನ್ಯಾರೇ ಬಂದರೂ ಇದೇ ಪದ್ಧತಿ ಕೇಳಿ. ಕರೆ ನೀವು ಮಾಡಿದ್ದಾಗಿರಬೇಕು, ನಂಬರ್ ಬಿಲ್ಲಿನಲ್ಲಿರುವುದಾಗಿರಬೇಕು. ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಬ್ಯಾಂಕಿನ ಪುಟ ತೆರೆಯಬೇಡಿ. ಫೋನಿಗೆ ಮಾತ್ರ ಇಂಥ ಆಪ್ ಯಾವತ್ತೂ ಹಾಕಬೇಡಿ. ಯುಪಿಐ, ಒಟಿಪಿ ಎಲ್ಲ ಇರುವುದು ಅಲ್ಲೇ. ಎನಿಡೆಸ್ಕ್ ಹಾಕಿಸಿ ಫೋನಿನಿಂದಲೇ ಹಣ ಎತ್ತುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಇನ್ನೊಂದು ಬಲೆ ಇದೆ. ಪ್ಲ್ಯಾನ್ ರದ್ದು ಮಾಡಿದ ಮೇಲೆ ‘ಹಣ ವಾಪಸ್ ಹಾಕುತ್ತೇವೆ, ಸ್ಕ್ರೀನ್ ತೋರಿಸಿ’ ಎಂದು ಫೋನ್ ಬರಬಹುದು. ಹಣ ವಾಪಸ್ ಕೊಡುವವನಿಗೆ ನಿಮ್ಮ ಪರದೆ ಬೇಕಿಲ್ಲ. ಬಂದ ದಾರಿಯಲ್ಲೇ ಖಾತೆಗೆ ಹಿಂದಿರುಗಿಸುತ್ತಾನೆ.

ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ‘ಎಲ್ಲಕ್ಕೂ ಹ್ಞೂ ಅಂದೆ’ ಎಂಬ ಮಾತು. ಅರ್ಥವಾಗದ್ದಕ್ಕೆ ಹ್ಞೂ ಎನ್ನುವುದು ನಮ್ಮಲ್ಲಿ ಮರ್ಯಾದೆ. ಡಾಕ್ಟರ ಮುಂದೆ, ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಹಾಗೇ ಮಾಡಿಕೊಂಡು ಬಂದಿದ್ದೇವೆ. ನಿಮ್ಮ ಕೋಣೆಯಲ್ಲಿ ಮಾತ್ರ ಹಾಗೆ ಮಾಡುವಂತಿಲ್ಲ, ಏಕೆಂದರೆ ಅಲ್ಲಿ ಹ್ಞೂ ಎಂದದ್ದು ನಿಮ್ಮೊಬ್ಬರ ಪರವಾಗಿ ಅಲ್ಲ. ಕನ್ನಡ ಬರುವವರನ್ನು ಕೊಡಿ ಎಂದು ಕೇಳಿ. ಇಲ್ಲವೆಂದರೆ ಅಣ್ಣನ ಮಗನನ್ನು ಫೋನಿನಲ್ಲಿ ಸೇರಿಸಿಕೊಂಡು ಅವನ ಬಾಯಿಂದ ಹೇಳಿಸಿ. ಏನು ಮಾಡುತ್ತಿದ್ದಾನೋ ತಿಳಿಯದ ಗಳಿಗೆಯಲ್ಲಿ ‘ನಿಲ್ಲಿಸಿ’ ಎನ್ನಿ, ನಿಲ್ಲಿಸದಿದ್ದರೆ ಕೇಬಲ್ ಕೀಳಿ. ಕಂಪ್ಯೂಟರ್ ನಿಮ್ಮದು. ಯಾರಿಗೂ ಬೇಜಾರಾಗುವುದಿಲ್ಲ, ಬೇಜಾರಾದರೂ ಆಗಲಿ.

ಅಣ್ಣನ ಮಗನ ಮೇಲೆ ಸಿಟ್ಟಾಗಬೇಡಿ. ಅತ್ತೆ ಬಸ್ಸಿನಲ್ಲಿ ಸಿಪಿಯು ಹೊರಬಾರದು ಎಂದುಕೊಂಡವನು ಅವನು. ಆದರೆ ಪ್ಲ್ಯಾನ್ ತೆಗೆದುಕೊಡುವುದು ಒಂದು, ಜೊತೆಗಿರುವುದು ಇನ್ನೊಂದು. ಎರಡನೆಯದನ್ನು ಕೇಳಿ ಪಡೆಯಿರಿ. ಯಜಮಾನರಿಗೆ ಹೇಳಿ: ಪಾಸ್‌ವರ್ಡ್ ತೆಗೆದೆ, ಕಾಗದ ಹೊರಗಿಟ್ಟೆ, ಅಂಗಡಿ ಮುಚ್ಚುವುದಿಲ್ಲ. ಕಂಪನಿಯಿಂದ ಆ ಇಮೇಲಿಗೆ ಬರಹದಲ್ಲಿ ನೇರ ಉತ್ತರ ಬಂದು, ಇನ್ನು ಮೇಲೆ ನಿಮ್ಮೆದುರಿಗೇ ಕೆಲಸ ಮಾಡುತ್ತೇವೆ ಎಂದು ಒಪ್ಪಿಕೊಂಡರೆ ಪ್ಲ್ಯಾನ್ ಅವಧಿ ಮುಗಿಯುವವರೆಗೆ ಬಳಸಿ. ಹದಿನೈದು ದಿನ ಕಾದರೂ ಉತ್ತರ ಬರದಿದ್ದರೆ ಅದೇ ಉತ್ತರವೆಂದು ತಿಳಿದು ಬಿಟ್ಟುಬಿಡಿ, ಮುಂದಿನ ವರ್ಷದ ಆ ಹಣವನ್ನು ಎಸ್‌ಎಸ್‌ಡಿಗೆ ಹಾಕಿ.