‘ಇಸ್ರೋ ವಿಜ್ಞಾನಿ’ ಅಂದಾಗಲೆಲ್ಲ ನಾಚಿಕೆಯಾಗುತ್ತದೆ

ಪ್ರಶ್ನೆ: ನಾನು ಮೇಲೂರಿನವಳು, ವಯಸ್ಸು 24. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿದ್ದೇನೆ. ಗುತ್ತಿಗೆ ಕೆಲಸ. ಉಪಗ್ರಹದ ಬೋರ್ಡುಗಳಿಗೆ ಬರೀ ಬೆಸುಗೆ ಹಾಕುತ್ತೇನೆ. ಅಪ್ಪ ರೇಷ್ಮೆ ರೀಲರ್. ಊರಲ್ಲೆಲ್ಲ ‘ಮಗಳು ಇಸ್ರೋ ವಿಜ್ಞಾನಿ’ ಎಂದು ಹೇಳಿಕೊಂಡಿದ್ದಾರೆ. ಎಲ್ಲರಿಗೂ ಮೋಸ ಮಾಡುತ್ತಿದ್ದೇನೆ ಅನ್ನಿಸಿ ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ

ಉತ್ತರ: ನೀವು ಆಡದ ಮಾತಿನ ಭಾರ ನಿಮ್ಮ ತಲೆಯ ಮೇಲೆ ಬಿದ್ದಿದೆ. ತಿದ್ದಿದರೆ ಅಪ್ಪನಿಗೆ ಬೇಸರ, ಸುಮ್ಮನಿದ್ದರೆ ನಿಮಗೆ ಸಂಕಟ. ನಿದ್ದೆ ಕೆಡುವುದು ಸಹಜವೇ. ಇದನ್ನು ಯಾರಿಗೂ ಹೇಳದೆ ನುಂಗಿಕೊಂಡಿರುವ ಮಕ್ಕಳು ಬಹಳ ಮಂದಿ ಇದ್ದಾರೆ.

ಅಪ್ಪನ ಮನಸ್ಸಿನಲ್ಲೂ ಮೋಸವಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದನ್ನು ಊರೆಲ್ಲ ಟೀವಿಯಲ್ಲಿ ನೋಡಿದೆ. ಅಂದಿನಿಂದ ಉಪಗ್ರಹ ಎಂದರೆ ಇಸ್ರೋ, ಇಸ್ರೋ ಎಂದರೆ ವಿಜ್ಞಾನಿ. ನಿಮ್ಮ ಕೆಲಸಕ್ಕೆ ಅವರ ಬಳಿ ಬೇರೆ ಹೆಸರಿಲ್ಲ, ಅಷ್ಟೇ.

ಆದರೆ ‘ಬರೀ ಬೆಸುಗೆ’ ಎಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಭೂಮಿಗೆ ಹತ್ತಿರ ಸುತ್ತುವ ಉಪಗ್ರಹ ಸುಮಾರು 90 ನಿಮಿಷಕ್ಕೊಂದು ಸುತ್ತು ಮುಗಿಸುತ್ತದೆ. ಸಾಮಾನ್ಯವಾಗಿ ಸುತ್ತು ಸುತ್ತಿಗೂ ಬಿಸಿಲಲ್ಲಿ ಕಾಯುತ್ತದೆ, ನೆರಳಲ್ಲಿ ತಣಿಯುತ್ತದೆ. ಅದಕ್ಕೂ ಮೊದಲು ರಾಕೆಟ್ಟಿನ ಅದುರಾಟ ತಾಳಿರಬೇಕು. ಒಂದು ಬೆಸುಗೆ ಬಿರುಕುಬಿಟ್ಟರೂ ಮೇಲೆ ಹೋಗಿ ರಿಪೇರಿ ಮಾಡುವವರಿಲ್ಲ. ಅದಕ್ಕೇ ನೀವು ಸ್ಥಿರವಿದ್ಯುತ್ ತಗುಲದಂತೆ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಮೈಕ್ರೋಸ್ಕೋಪಿನಡಿ ಒಂದೊಂದು ಬೆಸುಗೆಯನ್ನೂ ನೋಡಬೇಕಾಗಿರುವುದು.

ಅಪೊಲೊ ನೌಕೆಗಳನ್ನು ಚಂದ್ರನತ್ತ ನಡೆಸಿದ ಕಂಪ್ಯೂಟರಿನ ಸ್ಮೃತಿಕೋಶವನ್ನು ಅಮೆರಿಕದ ವಾಲ್ಥಮ್ ಊರಿನ ಕಾರ್ಖಾನೆಯಲ್ಲಿ ಹೆಂಗಸರು ಕೈಯಿಂದಲೇ ಪೋಣಿಸಿದ್ದರು. ಪುಟ್ಟ ಅಯಸ್ಕಾಂತದ ಬಳೆಗಳೊಳಗೆ ಸಣ್ಣ ತಂತಿ ಹಾಯಿಸುವ ಕೆಲಸ. ಅವರಲ್ಲಿ ಜವಳಿ ಗಿರಣಿಗಳಿಂದ ಬಂದವರೂ ಇದ್ದರು. ನಮ್ಮ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಪೀಣ್ಯದ ಶೆಡ್ಡುಗಳಲ್ಲಿ. ಉಡುಪಿ ಕಡೆಯ ಯು.ಆರ್. ರಾವ್ ಅದರ ಮುಂದಾಳು. 1975ರ ಏಪ್ರಿಲ್ 19ರಂದು ಅದು ಮೇಲೇರಿದ್ದರಲ್ಲಿ ಜೋಡಿಸಿದವರ, ಬೆಸೆದವರ ಪಾಲೂ ಇತ್ತು.

ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಬಿಡುವಾಗಿರುವ ಹೊತ್ತು ನೋಡಿ ಹತ್ತಿರ ಕೂತುಕೊಳ್ಳಿ. ‘ನಾನು ವಿಜ್ಞಾನಿಯಲ್ಲ ಅಪ್ಪ, ಟೆಕ್ನೀಶಿಯನ್. ಉಪಗ್ರಹದ ಬೋರ್ಡು ನನ್ನ ಕೈಯಲ್ಲಿ ತಯಾರಾಗುತ್ತದೆ’ ಎನ್ನಿ. ಕಂಪನಿಯ ಗುಟ್ಟು ಬಿಟ್ಟು ಉಳಿದದ್ದನ್ನೆಲ್ಲ ವಿವರಿಸಿ. ಗೂಡಿನ ಎಳೆ ಕಡಿದರೆ ಏನಾಗುತ್ತದೆ ಎಂದು ಬಲ್ಲವರಿಗೆ ಬೆಸುಗೆಯ ಬೆಲೆ ತಿಳಿಯದೆ ಹೋಗದು. ಊರವರಿಗೆ ನೀವೇ ಸಾರಿ ಹೇಳಬೇಕಿಲ್ಲ. ಯಾರಾದರೂ ಕೇಳಿದರೆ ಇದ್ದದ್ದನ್ನು ಹೇಳಿ.

ಗುತ್ತಿಗೆಯ ಚಿಂತೆ ಮಾತ್ರ ಬೇರೆ, ಅದು ನಿಜವಾದ ಚಿಂತೆ. ಪಿಎಫ್ ಕಟ್ಟುತ್ತಿದ್ದಾರೆಯೇ ನೋಡಿ, ತರಬೇತಿಯ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ. ಪ್ರಥಮ ದರ್ಜೆ ಡಿಪ್ಲೊಮಾ ಇದ್ದರೆ ಇಸ್ರೋದ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ ಹಾಕಬಹುದು. ಅದರ ಜಾಲತಾಣದ ಪ್ರಕಟಣೆಯನ್ನಷ್ಟೇ ನಂಬಿ, ಕೆಲಸ ಕೊಡಿಸುತ್ತೇನೆ ಎಂದು ದುಡ್ಡು ಕೇಳುವವರನ್ನು ದೂರವಿಡಿ.

ಇಷ್ಟಾದರೂ ನಿದ್ದೆ ಬಾರದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇದನ್ನು ಓದುತ್ತಿರುವ ತಂದೆತಾಯಂದಿರೇ, ನಿಮ್ಮ ಮಗಳು ದಿನವಿಡೀ ಏನು ಕೆಲಸ ಮಾಡುತ್ತಾಳೆ ಎಂದು ಇವತ್ತೇ ಫೋನ್ ಮಾಡಿ ಕೇಳಿ.