ಮೊದಲು ವೈದ್ಯರು, ಜೊತೆಗೇ ಸಭೆ

ಕುಡಿತ ಬಿಡಬೇಕೆಂದು ನಿಮ್ಮ ಯಜಮಾನರು ತಾವಾಗಿಯೇ ಹೇಳಿದ್ದಾರೆ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಸಭೆಗೆ ಸೇರಲು ಬೇಕಾದ ಅರ್ಹತೆ ಅದೊಂದೇ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಮೊದಲ ದಿನ ಮಾತಾಡಲೇಬೇಕೆಂದೂ ಇಲ್ಲ. ಊರವರಿಗೆ ಗೊತ್ತಾದೀತೆಂಬ ಅವರ ಅಳುಕು ನನಗೆ ಅರ್ಥವಾಗುತ್ತದೆ. ಅಲ್ಲಿ ಕೂತವರೆಲ್ಲ ಕುಡಿತದಿಂದ ನೊಂದವರೇ. ಒಬ್ಬರ ಗುಟ್ಟನ್ನು ಇನ್ನೊಬ್ಬರು ಕಾಯುವುದೇ 1935ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಕೂಟದ ಬುನಾದಿ.

ಆದರೆ ನೀವು ಬರೆದ ಒಂದು ಸಾಲು ನನ್ನನ್ನು ಚಿಂತೆಗೀಡುಮಾಡಿದೆ: ಬೆಳಿಗ್ಗೆ ಕೈ ನಡುಗುತ್ತದೆ, ಕುಡಿದ ಮೇಲೆ ನಿಲ್ಲುತ್ತದೆ. ಇಂಥವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಅಪಾಯವಾಗಬಹುದು. ದೇವರ ಮುಂದೆ ಆಣೆ ಹಾಕಿಸಿ ಮನೆಯಲ್ಲೇ ಬಿಡಿಸಲು ಹೋಗಬೇಡಿ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಈ ವಾರವೇ ಕಾಣಿ. ಹತ್ತಿರದ ಸಭೆ ಎಲ್ಲಿ, ಯಾವತ್ತು, ಕನ್ನಡದಲ್ಲಿ ನಡೆಯುತ್ತದೆಯೇ ಎಂದು ಅಲ್ಲೇ ವಿಚಾರಿಸಿ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೂ ಕರೆ ಮಾಡಬಹುದು.

ನೀವೂ ಜೊತೆಗೆ ಹೋಗುವುದಾದರೆ ‘ಮುಕ್ತ ಸಭೆ’ ಯಾವ ದಿನ ಎಂದು ಕೇಳಿ. ಉಳಿದವು ಕುಡಿತ ಬಿಡಬಯಸುವವರಿಗೆ ಮಾತ್ರ. ಕುಟುಂಬದವರಿಗಾಗಿಯೇ ಅಲ್-ಅನಾನ್ ಕೂಟಗಳಿವೆ. ಯಜಮಾನರು ಎ.ಎ. ಸಭೆಗೆ ಹೋದರೂ ಹೋಗದಿದ್ದರೂ ನೀವು ಅಲ್ಲಿಗೆ ಹೋಗಿ.